ಕ್ಲಾರಿನೆಟ್ ಕನ್ಚೆರ್ಟೊ: ಮೊದಲ ಭಾಗ ಹದಕ್ಕೆ ಬಂತು, ಮೂರನೆಯದು ಹಟ ಹಿಡಿದಿದೆ

ಗ್ರೀಸಿನ ಜನಪದ ಸಂಗೀತವನ್ನು ಆಧರಿಸಿ ಕ್ಲಾರಿನೆಟ್ ಮತ್ತು ತಂತಿವಾದ್ಯಗಳಿಗಾಗಿ ಬರೆಯುತ್ತಿರುವ ಕನ್ಚೆರ್ಟೊದ, ಅಂದರೆ ಒಂದು ವಾದ್ಯ ಮುಂದೆ ನಿಂತು ಉಳಿದವು ಜೊತೆಗೂಡುವ ಕೃತಿಯ, ಮೊದಲ ಭಾಗ ಅಂತೂ ಮುಗಿಯಿತು. ಗ್ರೀಸ್ ಎಂದೊಡನೆ ಬುಝುಕಿ ಎಂಬ ತಂತಿವಾದ್ಯದ ಝೇಂಕಾರಕ್ಕೆ ಕಾಯುವವರಿಗೆ ನಿರಾಸೆಯಾದೀತು. ನಾನು ಬೆನ್ನು ಹತ್ತಿರುವುದು ವಾಯವ್ಯದ ಗುಡ್ಡಗಾಡು ಎಪಿರಸ್‌ನ ಮಿರೊಲೊಯ್ ಅನ್ನು. ಸತ್ತವರಿಗಾಗಿ ಹಾಡುವ ಈ ಶೋಕಗೀತೆಯನ್ನು ಅಲ್ಲಿ ಕ್ಲಾರಿನೆಟ್ಟಿನಲ್ಲೂ ನುಡಿಸುತ್ತಾರೆ.

ಎಪಿರಸ್‌ನ ಗುಂಪುಹಾಡಿನಲ್ಲಿ ಒಬ್ಬರು ಹಾಡನ್ನು ಎತ್ತಿಕೊಳ್ಳುತ್ತಾರೆ, ಇನ್ನೊಬ್ಬರು ಅದನ್ನು ತಿರುಗಿಸುತ್ತಾರೆ. 'ಕ್ಲೊಸ್ಟಿಸ್', ಅಂದರೆ ನೂಲುವವರು, ಆಧಾರ ಸ್ವರಕ್ಕೂ ಅದರ ಕೆಳಗಿನ ಸ್ವರಕ್ಕೂ ನಡುವೆ ದನಿಯನ್ನು ಓಡಾಡಿಸುತ್ತಾರೆ. ಉಳಿದವರದು ಇಸೊ, ಆಧಾರ ಸ್ವರವನ್ನು ಬಿಡದೆ ಹಿಡಿಯುವ ಕೆಲಸ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದೇನೂ ಹೊಸದಲ್ಲ. ತೊಡಕಿರುವುದು ಕನ್ಚೆರ್ಟೊದ ಕಡೆಯಿಂದ. 1791ರಲ್ಲಿ ಮೊಜಾರ್ಟ್ ಬರೆದ ಕ್ಲಾರಿನೆಟ್ ಕನ್ಚೆರ್ಟೊದ ಮೊದಲ ಭಾಗ ಎ ಸ್ವರವನ್ನು ಆಧಾರವಾಗಿಟ್ಟ ಎ ಮೇಜರ್‌ನಿಂದ ಹೊರಟು, ಇ ಸ್ವರ ಆಧಾರವಾಗಿರುವ ಇ ಮೇಜರ್‌ಗೆ ದಾಟಿ ಮತ್ತೆ ಮನೆಗೆ ಮರಳುತ್ತದೆ. ಆ ಪಯಣವೇ ಅದರ ಕಥೆ. ಆಧಾರ ಕದಲದ ಸಂಗೀತದಲ್ಲಿ ಕಥೆ ಮುಂದೆ ಸಾಗುವುದು ಹೇಗೆ?

ನೂಲುವ ಪಾತ್ರವನ್ನು ವಯೋಲಾಗಳಿಗೆ ವಹಿಸಿದ ಮೇಲೆ ದಾರಿ ಕಂಡಿತು. ಡಬಲ್ ಬಾಸ್ ಮತ್ತು ಚೆಲ್ಲೊ ಡಿ ಸ್ವರದಲ್ಲಿ ಊರಿಕೊಂಡಿರುತ್ತವೆ, ವಯೋಲಾಗಳು ಡಿ ಮತ್ತು ಸಿ ನಡುವೆ ಸುಮ್ಮನೆ ತೂಗುತ್ತವೆ. ಯಾರೂ ಅದನ್ನು ಗಮನಿಸುವುದಿಲ್ಲ. ಕ್ಲಾರಿನೆಟ್ ತಾರಸ್ಥಾಯಿಗೆ ಏರಿದಾಗ ಬಾಸ್ ಇದ್ದಕ್ಕಿದ್ದಂತೆ ಸಿ ಸ್ವರಕ್ಕೆ ಇಳಿಯುತ್ತದೆ. ಇಡೀ ಭಾಗದಲ್ಲಿ ಆಧಾರ ಅಲುಗುವುದು ಆ ಒಂದು ಸಲ ಮಾತ್ರ.

ಸ್ವರಗಳು ಡಿ, ಎಫ್, ಜಿ, ಎ, ಸಿ. ನಮ್ಮವರು ಕೇಳಿದರೆ ಶುದ್ಧ ಧನ್ಯಾಸಿ ರಾಗ ಎಂದು ತಲೆದೂಗುತ್ತಾರೆ. ಸ್ವರಗಳೇನೋ ಅವೇ, ನಡೆ ಬೇರೆ. ಶೋಕಗೀತೆಯ ಕ್ಲಾರಿನೆಟ್ ಮೇಲಿನಿಂದ ನಿಟ್ಟುಸಿರಿನಂತೆ ಕೆಳಕ್ಕೆ ಜಾರುತ್ತದೆ. ಆದ್ದರಿಂದ ನಿಷಾದದ, ಅಂದರೆ ಇಲ್ಲಿನ ಸಿ ಸ್ವರದ, ಮೇಲೆ ಗಮಕ ತೂಗುವ ಆಸೆಯನ್ನು ಅದುಮಿ, ಇಳಿಯುವ ಜಾರುಗಳನ್ನಷ್ಟೇ ಗುರುತು ಹಾಕಿದ್ದೇನೆ.

ಎರಡನೆಯ ಭಾಗ ಚಿಕ್ಕದು, ಅದರ ಚಿಂತೆಯಿಲ್ಲ.

ಮೂರನೆಯದು ಗ್ರೀಸಿನ ಕಲಮತಿಯಾನೊಸ್ ಕುಣಿತ: ಮೂರು, ಎರಡು, ಎರಡು, ಒಟ್ಟು ಏಳು ಮಾತ್ರೆ. ಕೈ ತಾನಾಗಿಯೇ ಮಿಶ್ರ ಚಾಪು ತಾಳ ಹಾಕುತ್ತದೆ. ಆದರೆ ಇದು ಕೈ ಕೈ ಹಿಡಿದು ಹನ್ನೆರಡು ಹೆಜ್ಜೆಯಲ್ಲಿ ಸುತ್ತುವ ಕುಣಿತ. ಹೆಜ್ಜೆಯ ಭಾರ ಕೇಳಿಸದಿದ್ದರೆ ಬರೀ ಲೆಕ್ಕಾಚಾರವಾಗಿಬಿಡುತ್ತದೆ. ಬರ್ಲಿನ್‌ನಲ್ಲಿ ಸಂಯೋಜಕ ಶೋನ್‌ಬರ್ಗ್ ಬಳಿ ಕಲಿತ ಗ್ರೀಕ್ ಸಂಯೋಜಕ ನಿಕೋಸ್ ಸ್ಕಾಲ್ಕೋಟಾಸ್ (1904–1949) ವಾದ್ಯವೃಂದಕ್ಕೆ ಬರೆದ 36 ಗ್ರೀಕ್ ನೃತ್ಯಗಳನ್ನು ಕೇಳಿದರೆ ಆ ಭಾರ ಏನೆಂದು ತಿಳಿಯುತ್ತದೆ. ಸದ್ಯಕ್ಕೆ ಒಂದು, ನಾಲ್ಕು, ಆರನೆಯ ಮಾತ್ರೆಗಳಲ್ಲಿ ಬಾಸ್ ತಂತಿಯನ್ನು ಬೆರಳಿನಿಂದ ಮೀಟಿಸಿದ್ದೇನೆ. ಕ್ಲಾರಿನೆಟ್ ವಾದಕರಿಗೆ ಉಸಿರು ಎಳೆದುಕೊಳ್ಳಲು ಎಲ್ಲಿಯೂ ಜಾಗ ಉಳಿದಿಲ್ಲ. ಮುಂದಿನ ವಾರದ ಕೆಲಸ ಅದೇ.