ಹಾಲುಮಡ್ಡಿ ಊದುಬತ್ತಿ: ಮೂರನೇ ಸಲ ಒಣಗಿತು

ಜೂನ್ 14, ಶಿರಸಿ

ಮನೆಯಲ್ಲೇ ಊದುಬತ್ತಿ ಹೊಸೆಯೋಣ ಅಂತ ಗ್ರಂಧಿಗೆ ಅಂಗಡಿಯಿಂದ ತಂದ 100 ಗ್ರಾಂ ಹಾಲುಮಡ್ಡಿಯನ್ನು, ಅಂದರೆ ಪರಿಮಳದ ಮರದಂಟನ್ನು, ಇವತ್ತು ಬಿಚ್ಚಿದೆ. ಮರಕ್ಕೆ ಕಚ್ಚು ಹಾಕಿದಾಗ ಇಳಿಯುವ ಹೊಸ ಅಂಟು ಕೆನೆ ಬಣ್ಣದ್ದು, ಮೆತ್ತಗಿರುತ್ತದೆ. ನನಗೆ ಸಿಕ್ಕಿದ್ದು ಹಳೆಯದು. ಕಂದು ಬಣ್ಣ, ಕಲ್ಲಿನಂತೆ ಗಟ್ಟಿ, ಒಳಗೆಲ್ಲ ತೊಗಟೆ ಚೂರು. ಮರ ನಮ್ಮ ಪಶ್ಚಿಮ ಘಟ್ಟದ್ದೇ, ಸಸ್ಯಶಾಸ್ತ್ರದವರು ಐಲಾಂತಸ್ ಟ್ರೈಫೈಸಾ ಅನ್ನುತ್ತಾರೆ. ಅದರ ಹಗುರ ಕಟ್ಟಿಗೆ ಬೆಂಕಿಕಡ್ಡಿಗೂ ಹೋಗುತ್ತದೆ.

ಸುತ್ತಿಗೆಯಲ್ಲಿ ಒಡೆದು, ಬಟ್ಟಲಿಗೆ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟೆ. ಅರ್ಧ ಗಂಟೆಯಲ್ಲಿ ಬೆಲ್ಲದ ಪಾಕದ ಹಾಗೆ ಎಳೆ ಬಂತು. ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿದರೆ ಉಳಿದಿದ್ದು 70 ಗ್ರಾಂ. ಕೈಗೆ ಅಂಟಿದ್ದು ಸೋಪಿಗೆ ಜಗ್ಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದ ಮೇಲೆ ಬಿಟ್ಟಿತು.

ಕಡಲೆಕಾಳಿನಷ್ಟನ್ನು ಕೆಂಡದ ಮೇಲೆ ಹಾಕಿ ನೋಡಿದೆ. ಲೋಬಾನದ ಹಾಗೆ ಮೂಗಿಗೆ ರಪ್ಪನೆ ಹೊಡೆಯುವುದಿಲ್ಲ. ಮೆಲ್ಲಗೆ, ಸ್ವಲ್ಪ ಸಿಹಿಯಾಗಿ ಬರುತ್ತದೆ. ಜೋರು ಪರಿಮಳ ಬೇಕಿದ್ದವರಿಗೆ ಇದು ಸಪ್ಪೆ ಅನ್ನಿಸಬಹುದು. ನನಗಂತೂ ಇದೇ ಇಷ್ಟ.

ಜೂನ್ 16

ಮೊದಲ ಹಿಟ್ಟು ಕಲಸಿದೆ. ಇದ್ದಿಲ ಪುಡಿ 40 ಗ್ರಾಂ, ಗಂಧದ ಪುಡಿ 15, ಜಿಗಟು 15, ಹಾಲುಮಡ್ಡಿ 20, ಜೇನು 10. ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ, ಚಪಾತಿ ಹಿಟ್ಟಿಗಿಂತ ಕೊಂಚ ಗಟ್ಟಿ ಹದಕ್ಕೆ ತಂದೆ. ಬಿದಿರು ಕಡ್ಡಿಯನ್ನು ಮಣೆಯ ಮೇಲಿಟ್ಟು ಅಂಗೈಯಲ್ಲಿ ಹೊಸೆಯಬೇಕು. ಒತ್ತಡ ಹೆಚ್ಚಾದರೆ ಕಡ್ಡಿ ಒಂದು ಕಡೆ, ಹಿಟ್ಟು ಒಂದು ಕಡೆ. ಇಪ್ಪತ್ತನೇ ಕಡ್ಡಿಯ ಹೊತ್ತಿಗೆ ಕೈಗೆ ಲೆಕ್ಕ ಸಿಕ್ಕಿತು.

ಜಿಗಟು ಅಂದರೆ ಗುಳಮಾವಿನ ತೊಗಟೆಯ ಪುಡಿ. ಕಾಂಡದ ಸುತ್ತ ತೊಗಟೆ ಸುಲಿದರೆ ಆ ಮರವೇ ಸಾಯುತ್ತದೆ. ಅದಕ್ಕೇ ಅದನ್ನು ಆದಷ್ಟು ಕಡಿಮೆ ಬಳಸಬೇಕು ಅಂತ ನನ್ನ ಹಟ. ಹಾಲುಮಡ್ಡಿಗೂ ಅಂಟಿದೆಯಲ್ಲ, ಅದೇ ಹಿಡಿದುಕೊಳ್ಳಲಿ ಅಂತ ಅದನ್ನು ಜಾಸ್ತಿ ಹಾಕಿದ್ದೆ.

ಜೂನ್ 24

ಎಂಟು ದಿನವಾದರೂ ಒಣಗಿಲ್ಲ. ಮುಟ್ಟಿದರೆ ಬೆರಳಿಗೆ ಬರುತ್ತದೆ. ಹೊರಗೆ ಬಿಡದ ಮಳೆ. ಹಾಲುಮಡ್ಡಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಜೇನೂ ಹಾಗೇ. ಎರಡೂ ಸೇರಿದ ಮೇಲೆ ಕೇಳಬೇಕೇ? ಹೀಗೆ ಪುಡಿ, ಅಂಟು ಕಲಸಿ ಹೊಸೆದ ಮಸಾಲಾ ಬತ್ತಿ ಮುಟ್ಟಿದಾಗ ಸ್ವಲ್ಪ ಮೆತ್ತಗಿರುವುದು ಇದರಿಂದಲೇ. ಆದರೆ ನನ್ನದು ಮೆತ್ತಗಲ್ಲ, ಹಸಿ.

ಜುಲೈ 3

ಎರಡನೇ ಸಲ ಹಾಲುಮಡ್ಡಿ 15, ಜೇನು 5. ಬೇಗ ಒಣಗಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಹರಡಿದೆ. ನಾಲ್ಕು ದಿನದಲ್ಲಿ ಚೆನ್ನಾಗಿ ಒಣಗಿದವು. ಹಚ್ಚಿ ನೋಡಿದರೆ ಗಂಧದ ಪರಿಮಳವೇ ಇಲ್ಲ, ಬರೀ ಸೌದೆ ಹೊಗೆ! ಅಂಟಂಟು ಬತ್ತಿ ಸುತ್ತಲಿನ ವಾಸನೆಯನ್ನೆಲ್ಲ ಹಿಡಿದಿಟ್ಟುಕೊಂಡಿತ್ತು. ಆವತ್ತು ನಿಜಕ್ಕೂ ಬೇಜಾರಾಯಿತು. ಅಷ್ಟೂ ಗಂಧದ ಪುಡಿ ಹೋಯಿತಲ್ಲ ಅಂತ.

ಒಂದು ವಿಷಯ ಮಾತ್ರ ಗೊತ್ತಾಯಿತು. ಹಾಲುಮಡ್ಡಿ ಹಿಡಿದ ವಾಸನೆಯನ್ನು ಸುಲಭಕ್ಕೆ ಬಿಡುವುದಿಲ್ಲ. ಮಸಾಲೆಗೆ ಅದನ್ನು ಹಾಕುವುದೂ ಇದಕ್ಕೇ ಅಲ್ವಾ? ಪರಿಮಳ ಒಮ್ಮೆಲೇ ಹಾರಿಹೋಗದೆ ನಿಧಾನವಾಗಿ ಬಿಡಲಿ ಅಂತ.

ಜುಲೈ 19

ಮೂರನೇ ಸಲ. ಹಾಲುಮಡ್ಡಿ 10, ಜೇನು ಒಂದು ಚಮಚಕ್ಕಿಂತ ಕಡಿಮೆ, ಜಿಗಟು 18. ಜಿಗಟು ಮೂರು ಗ್ರಾಂ ಏರಿಸಲೇಬೇಕಾಯಿತು, ಇಲ್ಲದಿದ್ದರೆ ಹಿಟ್ಟು ಬಿರಿಯುತ್ತಿತ್ತು. ಒಂದು ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, 40 ವ್ಯಾಟಿನ ಹಳೇ ಬಲ್ಬು ತೂಗುಹಾಕಿ, ಕೆಳಗೆ ಬತ್ತಿಗಳನ್ನು ಒಂದಕ್ಕೊಂದು ತಾಗದಂತೆ ಹರಡಿದೆ. ಹಗಲು ಮಾತ್ರ ಬಲ್ಬು, ಅದೂ ನಾನು ಹತ್ತಿರ ಇರುವಾಗ. ಐದು ದಿನ ಹಿಡಿಯಿತು.

ಇವತ್ತು ಸಂಜೆ ಹಚ್ಚಿದೆ. 42 ನಿಮಿಷ ಉರಿಯಿತು. ಬೂದಿ ಬಾಗಿ ನಿಂತಿತು, ನಡುವೆ ಉದುರಲಿಲ್ಲ. ಮೊದಲು ಗಂಧ, ಅದರ ಹಿಂದೆ ಹಾಲುಮಡ್ಡಿಯ ಸಿಹಿ. ಅಡುಗೆ ಮನೆಯಿಂದ ಅಮ್ಮ, "ಯಾವ ಬತ್ತಿ ತಂದಿದ್ದು?" ಅಂತ ಕೇಳಿದರು.

ಉಳಿದಿರುವ ಹಾಲುಮಡ್ಡಿ 25 ಗ್ರಾಂ. ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿದೆ. ಮುಂದಿನ ಸಲ ಜೇನು ಪೂರ್ತಿ ಬಿಟ್ಟು ನೋಡುವುದು.