ಅಲ್ಲೂ ಜವಾನ, ಇಲ್ಲೂ ಜವಾನ

ನಮ್ಮ ಶಾಲೆಯ ಗಂಟೆ ಅಂದರೆ ನೇರಳೆ ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡು. ಬಾರಿಸುತ್ತಿದ್ದವರು ಮಿಲ್ಟ್ರಿ ಅಣ್ಣ. ಬೇರೆ ಶಾಲೆಗಳಲ್ಲಿ ಢಣ್ ಢಣ್ ಎಂದು ಒಂದೇ ಸಮ ಹೊಡೆಯುತ್ತಾರೆ. ಇವರದು ಕೋಲಾಟದ ಗತ್ತು. ಎರಡು ಮೆಲ್ಲಗೆ, ಒಂದು ಜೋರು, ಮತ್ತೆ ಎರಡು ಮೆಲ್ಲಗೆ. ಸಂಜೆಯ ಲಾಂಗ್ ಬೆಲ್ಲಿಗಂತೂ ಪೂರ್ತಿ ಒಂದು ಸುತ್ತಿನ ಕುಣಿತವನ್ನೇ ಬಾರಿಸಿಬಿಡುತ್ತಿದ್ದರು. ಕೊನೆಯ ಪೆಟ್ಟಿಗೆ ಅವರ ಬಲಗಾಲು ತಾನಾಗಿ ನೆಲಕ್ಕೆ ಬೀಳುತ್ತಿತ್ತು. ಹೆಡ್‌ಮೇಷ್ಟ್ರು ಕಿಟಕಿಯಿಂದ ನೋಡಿಯೂ ನೋಡದ ಹಾಗೆ ಇರುತ್ತಿದ್ದರು.

ಸೈನ್ಯದಿಂದ ನಿವೃತ್ತರಾಗಿ ಬಂದು ನಮ್ಮಲ್ಲಿ ಜವಾನರಾಗಿ ಸೇರಿದವರು. "ಅಲ್ಲೂ ಜವಾನ, ಇಲ್ಲೂ ಜವಾನ ಕಣ್ಲಾ. ಅಲ್ಲಿ ಬೂಟು ಕೊಟ್ಟಿದ್ರು, ಇಲ್ಲಿ ಬಕೀಟು ಕೊಟ್ಟವ್ರೆ" ಎಂದು ತಾವೇ ನಗುತ್ತಿದ್ದರು.

1990ರಲ್ಲಿ ನಾನು ಎಂಟನೇ ಕ್ಲಾಸಿಗೆ ಸೇರಿದಾಗ ನಮಗೆಲ್ಲ ಅವರಿಂದ ಬೇಕಾಗಿದ್ದುದು ಯುದ್ಧದ ಕಥೆ. ಅವರು ಮದ್ರಾಸ್ ಸ್ಯಾಪರ್ಸ್‌ನವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಆ ದಳದ ಕೇಂದ್ರ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹೂತಿಟ್ಟ ಮೈನು ತೆಗೆಯುವುದು ಅವರ ಕಸುಬು. 1971ರ ಡಿಸೆಂಬರಿನಲ್ಲಿ ಬಸಂತರ್ ನದಿಯ ಹತ್ತಿರ ನಮ್ಮ ಟ್ಯಾಂಕುಗಳು ದಾಟಲೆಂದು ಮೈನುಗಳ ನಡುವೆ ದಾರಿ ಬಿಡಿಸಿದವರು ಈ ಸ್ಯಾಪರ್‌ಗಳು. ಅಣ್ಣ ಅಲ್ಲಿದ್ದರು. ಎಷ್ಟು ಜನರನ್ನು ಹೊಡೆದಿರಿ ಎಂದು ಕೇಳಿದರೆ ಸಿಗುತ್ತಿದ್ದ ಉತ್ತರ ಇಷ್ಟೇ: "ಹೊಟ್ಟೆ ಮ್ಯಾಲೆ ಮಲಗಿ ಮಣ್ಣು ಚುಚ್ಚಿಕೊಂಡು ಹೋಗದು. ಕಾಲಿಗೇನೂ ಕೆಲ್ಸ ಇರ್ಲಿಲ್ಲ."

ಅಲ್ಲಿಗೆ ಯುದ್ಧ ಮುಗಿಯಿತು, ಬಡಾ ಖಾನಾ ಶುರು. ಪಲ್ಟನ್ನಿನ ದೊಡ್ಡ ಊಟದ ರಾತ್ರಿಗಳಲ್ಲಿ ಸರ್ದಾರ್ಜಿಗಳಿಂದ ಭಾಂಗ್ರಾ ಕಲಿತದ್ದು, ಬದಲಿಗೆ ಟೆಂಟಿನ ಗೂಟಗಳನ್ನೇ ಕೋಲು ಮಾಡಿ ಅವರಿಗೆ ಕೋಲಾಟ ಕಲಿಸಿದ್ದು, ಇದನ್ನು ಗಂಟೆಗಟ್ಟಲೆ ಹೇಳುತ್ತಿದ್ದರು. ಹೇಳುವುದೇನು, ಕುಣಿದೇ ತೋರಿಸುತ್ತಿದ್ದರು. ಸೊಂಟದಿಂದ ಕೆಳಗೆ ಸಕಲೇಶಪುರ, ಭುಜದಲ್ಲಿ ಪಂಜಾಬು. ಊರಿನ ಸುಗ್ಗಿ ಕುಣಿತದಲ್ಲೂ ಆ ಭುಜ ಸುಮ್ಮನಿರುತ್ತಿರಲಿಲ್ಲ. ಹಿರಿಯರು ಗೊಣಗುತ್ತಿದ್ದರು. ಗೊಣಗಿದ್ದರಲ್ಲಿ ನ್ಯಾಯವಿತ್ತು ಎಂದು ಈಗ ಅನ್ನಿಸುತ್ತದೆ. ಸುಗ್ಗಿ ದೇವರ ಕೆಲಸ, ಮದುವೆ ದಿಬ್ಬಣವಲ್ಲ. ಅಣ್ಣನೂ ಎದುರು ಮಾತಾಡಿದವರಲ್ಲ. ಎರಡು ಸುತ್ತು ಭುಜ ಬಿಗಿಹಿಡಿದು ಕುಣಿಯುವರು, ಮೂರನೆಯದಕ್ಕೆ ಮರೆತುಬಿಡುವರು.

ನಾನೋ, ಕವಾಯತಿನಲ್ಲಿ ಬಲಗೈ ಬಲಗಾಲು ಒಟ್ಟಿಗೆ ಎತ್ತುವ ಗಿರಾಕಿ. ವಾರ್ಷಿಕೋತ್ಸವದ ಕೋಲಾಟದಲ್ಲಿ ಎದುರಿನವನ ಬೆರಳು ಜಜ್ಜಿ ತಂಡದಿಂದ ಹೊರಬಿದ್ದೆ. ಅವತ್ತು ಸಂಜೆ ಅಣ್ಣ ಕಸಬರಿಗೆ ಗೋಡೆಗೊರಗಿಸಿ, ಒಂದು ಜೊತೆ ಬಗನಿ ಕೋಲು ನನ್ನ ಕೈಗಿಟ್ಟು ಎದುರು ನಿಂತರು. "ಕೋಲು ನೋಡಬ್ಯಾಡ, ನನ್ ಮಖ ನೋಡು. ಕೋಲು ಎಲ್ಲೂ ಓಡೋಗಲ್ಲ." ಹದಿನೈದು ದಿನ ಹೀಗೆ. ಎರಡು ಸಲ ಅವರ ಹೆಬ್ಬೆರಳಿಗೇ ಬಾರಿಸಿದೆ. ಉಗುರು ಕಪ್ಪಗಾಯಿತು, ಮಾರನೇ ದಿನ ಅದೇ ಕೈಯಲ್ಲಿ ಗಂಟೆ. ನನ್ನನ್ನು ತಂಡಕ್ಕೆ ಮತ್ತೆ ಸೇರಿಸಿಕೊಂಡರು, ಹಿಂದಿನ ಸಾಲಿನಲ್ಲಿ.

ಒಂಬತ್ತನೇ ಕ್ಲಾಸಿನಲ್ಲಿ ಬೇಲೂರಿಗೆ ಪ್ರವಾಸ. ಅಡುಗೆ ಪಾತ್ರೆ ಕಾಯಲು ಅಣ್ಣನೂ ಬಂದಿದ್ದರು. ಮೇಷ್ಟ್ರು 1117, ವಿಷ್ಣುವರ್ಧನ, ಹೊರಗೆ 38 ಮದನಿಕೆಯರು, ಒಳಗೆ 4 ಎಂದು ಬರೆಸುತ್ತಿದ್ದರು. ಅಣ್ಣ ನಮ್ಮನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, "ಮಖ ಬಿಡ್ರಲಾ, ಪಾದ ನೋಡ್ರಿ. ಮೈ ಭಾರ ಯಾವ ಕಾಲಿನ ಮ್ಯಾಲೈತೆ ಹೇಳಿ" ಎಂದರು. ಒಬ್ಬೊಬ್ಬ ಮದನಿಕೆಯ ಕೆಳಗೂ ನಿಂತು, ಕತ್ತೆತ್ತಿ, ಎಡ, ಬಲ ಎಂದು ಕೂಗುತ್ತ ಹೋದೆವು. ನವರಂಗದ ನಡುವೆ ನುಣುಪಾದ ದುಂಡು ಕಲ್ಲಿನ ಜಗಲಿ ಇದೆಯಲ್ಲ, ಶಾಂತಲೆ ಕುಣಿದದ್ದು ಅಲ್ಲೇ ಎನ್ನುತ್ತಾರೆ. ಅಣ್ಣ ಅದರ ಅಂಚಿನಲ್ಲಿ ನಿಂತು ಹೆಬ್ಬೆರಳಿನಿಂದ ಎರಡು ಸಲ ತಟ್ಟಿದರು. ಕಾವಲುಗಾರ ತಿರುಗಿ ನೋಡಿದ. ಅಣ್ಣ ಅಟೆನ್ಷನ್ನಿನಲ್ಲಿ ನಿಂತುಬಿಟ್ಟರು.

ಆಮೇಲೆ ನಾನು ಬೆಂಗಳೂರು ಸೇರಿದೆ. ಊರಿಗೆ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಮಂಡಿ ಸವೆದು ಕುಣಿತ ನಿಂತಿತ್ತು. ಕುರ್ಚಿಯ ಕೈ ಮೇಲೆ ಬೆರಳು ಮಾತ್ರ ಆಡುತ್ತಿತ್ತು. ಹೋದ ದೀಪಾವಳಿಗೆ ಮಗಳ ಭರತನಾಟ್ಯದ ವಿಡಿಯೋ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ನೋಡಿದರು. "ಕೂಸು ಚೆಂದಾಗವ್ಳೆ. ಕಾಲೆಲ್ಲಿ? ಬರೀ ಮಖ ಹಿಡ್ದಿದೀಯಲ್ಲೋ!"

ಮುಂದಿನ ಸಲ ಕಾಲೂ ಹಿಡಿದು ತರುತ್ತೇನೆ ಎಂದೆ. ಯುಗಾದಿಗೆ ಹೋಗುವುದೆಂದು ಬಸ್ಸಿನ ಟಿಕೆಟ್ ಮಾಡಿಸಿದ್ದೆ, ಅದರ ನಾಲ್ಕು ದಿನ ಮೊದಲು ಊರಿನಿಂದ ಫೋನು ಬಂತು. ಮಗಳು ಬರೀ ತಟ್ಟಡವು, ಅಂದರೆ ನೆಲಕ್ಕೆ ಪಾದ ತಟ್ಟುವ ಭರತನಾಟ್ಯದ ಮೊದಲ ಹೆಜ್ಜೆ, ಹಾಕಿದ ಎರಡು ನಿಮಿಷದ ವಿಡಿಯೋ ನನ್ನ ಫೋನಿನಲ್ಲಿದೆ. ಅದರಲ್ಲಿ ಅವಳ ಮುಖವೇ ಇಲ್ಲ.