ಕ್ಷಯದ ಬ್ಯಾಕ್ಟೀರಿಯಾ ಮತ್ತು ಮ್ಯಾಕ್ರೋಫೇಜ್: ಯಾವ ಸಾವು, ಯಾವಾಗ?

ಉಸಿರಿನ ಜೊತೆ ಶ್ವಾಸಕೋಶದ ಗಾಳಿಚೀಲ ಸೇರಿದ ಕ್ಷಯದ ಬ್ಯಾಕ್ಟೀರಿಯಾವನ್ನು ಮೊದಲು ನುಂಗುವುದು ಅಲ್ಲೇ ನೆಲೆಸಿರುವ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶ. ನುಂಗಿದ್ದನ್ನು ಆಮ್ಲದಲ್ಲಿ ಅರಗಿಸುವುದು ಅದರ ಕೆಲಸ. ಈ ಬ್ಯಾಕ್ಟೀರಿಯಾ ಅರಗದೆ ಉಳಿದು, ಕೊನೆಗೆ ಕೋಶವನ್ನೇ ಕೊಲ್ಲುತ್ತದೆ ಎಂದು ಪಠ್ಯಗಳು ಹೇಳಿ ಮುಗಿಸುತ್ತವೆ. ಅಷ್ಟು ಸಾಲದು. ಮೊದಲು ಅದು ಒಂದು ಬಗೆಯ ಸಾವನ್ನು ತಡೆಯುತ್ತದೆ, ಆಮೇಲೆ ಇನ್ನೊಂದು ಬಗೆಯ ಸಾವಿಗೆ ನೂಕುತ್ತದೆ.

ಅದು ತಡೆಯುವುದು ಅಪೊಪ್ಟೋಸಿಸ್ಸನ್ನು. ಈ ಬಗೆಯಲ್ಲಿ ಕೋಶ ತನ್ನನ್ನು ತಾನೇ ಕ್ರಮವಾಗಿ ಕಳಚಿಕೊಂಡು, ಪೊರೆ ಹರಿಯದ ಸಣ್ಣ ಸಣ್ಣ ಗುಳ್ಳೆಗಳಾಗುತ್ತದೆ. ಒಳಗಿದ್ದ ಬ್ಯಾಕ್ಟೀರಿಯಾ ಹೊರಗೆ ಬರಲಾರದು. ಪಕ್ಕದ ಮ್ಯಾಕ್ರೋಫೇಜ್ ಆ ಗುಳ್ಳೆಯನ್ನು ಇಡಿಯಾಗಿ ನುಂಗಿ, ಅರಗಿಸುವ ಚೀಲವಾದ ಲೈಸೋಸೋಮಿಗೆ ಸಾಗಿಸುತ್ತದೆ. ಬ್ಯಾಕ್ಟೀರಿಯಾ ಸಾಯುವ ಸಂಭವ ಹೆಚ್ಚುತ್ತದೆ. ಡೆಂಡ್ರಿಟಿಕ್ ಎಂಬ ರಕ್ಷಣಾ ಕೋಶಗಳು ಅದೇ ಗುಳ್ಳೆಗಳಿಂದ ಪ್ರತಿಜನಕ (ಬ್ಯಾಕ್ಟೀರಿಯಾದ ಗುರುತು ಹಿಡಿಸುವ ತುಣುಕು) ಪಡೆದು, ರೋಗನಿರೋಧಕ ಟಿ ಕೋಶಗಳನ್ನು ಎಚ್ಚರಿಸುತ್ತವೆ. ಅದು ನೂಕುವ ಇನ್ನೊಂದು ಬಗೆ, ನೆಕ್ರೋಸಿಸ್, ಹಾಗಲ್ಲ. ಹೊರಪೊರೆ ಹರಿದು ಬ್ಯಾಕ್ಟೀರಿಯಾ ಹೊರಚೆಲ್ಲುತ್ತದೆ, ಉರಿಯೂತ ಏರುತ್ತದೆ, ಹೊಸ ಮ್ಯಾಕ್ರೋಫೇಜ್‌ಗಳು ಓಡಿಬಂದು ಅದನ್ನೇ ನುಂಗಿ ಅದೇ ರೀತಿ ಸಾಯುತ್ತವೆ. ಶ್ವಾಸಕೋಶದಲ್ಲಿ ರಕ್ಷಣಾ ಕೋಶಗಳು ಸೇರಿ ಆಗುವ ಗಂಟಿನ (ಗ್ರಾನುಲೋಮಾ) ನಡುವೆ ಗಿಣ್ಣಿನಂತೆ ಕಾಣುವ ಸತ್ತ ಅಂಗಾಂಶ ಬೆಳೆಯುವುದು ಹೀಗೆ. ಅದು ಕರಗಿ ಶ್ವಾಸನಾಳಕ್ಕೆ ತೆರೆದುಕೊಂಡರೆ ಕಫದಲ್ಲಿ ಬ್ಯಾಕ್ಟೀರಿಯಾ ಹೊರಬಂದು ಮುಂದಿನವರಿಗೆ ತಗಲುತ್ತದೆ.

ಅಪೊಪ್ಟೋಸಿಸ್ ತಡೆಯಲು ಬ್ಯಾಕ್ಟೀರಿಯಾದ ಬಳಿ ಹಲವು ದಾರಿಗಳಿವೆ. ಅದರ ಎನ್‌ಯುಒಜಿ ಜೀನನ್ನು ತೆಗೆದರೆ ಸೋಂಕಿದ ಮ್ಯಾಕ್ರೋಫೇಜ್‌ಗಳು ಹೆಚ್ಚಾಗಿ ಅಪೊಪ್ಟೋಸಿಸ್‌ಗೆ ಹೋಗುತ್ತವೆ, ಇಲಿಗಳಲ್ಲಿ ರೋಗದ ತೀವ್ರತೆಯೂ ಇಳಿಯುತ್ತದೆ. ಪ್ರೋಟೀನುಗಳನ್ನು ಹೊರಹಾಕುವ ಸೆಕ್‌ಎ2 ಸ್ರವಿಕೆ ವ್ಯವಸ್ಥೆ ಕೆಟ್ಟರೂ ಹಾಗೆಯೇ. ಸೂಪರ್‌ಆಕ್ಸೈಡ್ ಎಂಬ ಹಾನಿಕರ ಆಮ್ಲಜನಕ ರೂಪವನ್ನು ನಿವಾರಿಸುವ ಕಿಣ್ವ ಹೊರಹೋಗಲು ಆ ವ್ಯವಸ್ಥೆ ಬೇಕು. ಕೋಶದ ಸ್ವಂತ ಕೊಬ್ಬಿನ ಸಂಕೇತಗಳಲ್ಲೂ ಬ್ಯಾಕ್ಟೀರಿಯಾ ಕೈಯಾಡಿಸುತ್ತದೆ. ಪ್ರೋಸ್ಟಾಗ್ಲಾಂಡಿನ್ ಇ2 ಹರಿದ ಪೊರೆಯ ದುರಸ್ತಿಗೆ ನೆರವಾಗುತ್ತದೆ, ಲಿಪಾಕ್ಸಿನ್ ಎ4 ಆ ಪ್ರೋಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆಯುತ್ತದೆ. ರೋಗಕಾರಕ ತಳಿಗಳು ತಕ್ಕಡಿಯನ್ನು ಲಿಪಾಕ್ಸಿನ್ ಕಡೆಗೆ ವಾಲಿಸುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ ಪ್ರಯೋಗಾಲಯಗಳ ಹಳೆಯ ಜೋಡಿ ಎಚ್37ಆರ್‌ವಿ ಮತ್ತು ಎಚ್37ಆರ್‌ಎ. ಎರಡಕ್ಕೂ ಮೂಲ 1905ರಲ್ಲಿ ಒಬ್ಬ ರೋಗಿಯಿಂದ ಬೇರ್ಪಡಿಸಿದ ಒಂದೇ ತಳಿ. ರೋಗ ತರದ ಆರ್‌ಎ ಹೆಚ್ಚು ಅಪೊಪ್ಟೋಸಿಸ್ ಉಂಟುಮಾಡುತ್ತದೆ, ರೋಗ ತರುವ ಆರ್‌ವಿ ನೆಕ್ರೋಸಿಸ್‌ನತ್ತ ನೂಕುತ್ತದೆ.

ನೂಕುವ ಕೆಲಸದಲ್ಲಿ ಮುಖ್ಯವಾದದ್ದು ಇಎಸ್‌ಎಕ್ಸ್-1 ಎಂಬ ಸ್ರವಿಕೆ ವ್ಯವಸ್ಥೆ. ಪಿಡಿಐಎಂ ಎಂಬ ಮೇಣದಂಥ ಕೊಬ್ಬಿನ ಜೊತೆಗೂಡಿ ಅದು ಫ್ಯಾಗೋಸೋಮಿನ (ಕೋಶದೊಳಗೆ ನುಂಗಿದ ಬ್ಯಾಕ್ಟೀರಿಯಾ ಇರುವ ಚೀಲ) ಪೊರೆಯನ್ನು ಕೆಡಿಸುತ್ತದೆ, ಬ್ಯಾಕ್ಟೀರಿಯಾಕ್ಕೆ ಕೋಶರಸದ ಸಂಪರ್ಕ ಸಿಗುತ್ತದೆ. ಕಾಲ್ಮೆಟ್ ಮತ್ತು ಗೆರಾಂ 1908ರಿಂದ 1921ರವರೆಗೆ ಸುಮಾರು 230 ಬಾರಿ ಮರುಬೆಳೆಸಿ ಪಡೆದ, ಕ್ಷಯದ ಲಸಿಕೆಯಾದ ಬಿಸಿಜಿ ತಳಿ ಕಳೆದುಕೊಂಡದ್ದರಲ್ಲಿ ಈ ವ್ಯವಸ್ಥೆಯ ಜೀನುಗಳೂ ಸೇರಿವೆ. ಪೊರೆ ಕೆಟ್ಟ ಮೇಲೆ ಟಿಎನ್‌ಟಿ ಎಂಬ ವಿಷ ಕೋಶರಸಕ್ಕೆ ತಲುಪಿ, ಶಕ್ತಿ ತಯಾರಿಕೆಗೆ ಬೇಕಾದ ಎನ್‌ಎಡಿ ಅಣುಗಳನ್ನು ಕತ್ತರಿಸುತ್ತದೆ. ಎನ್‌ಎಡಿ ಬರಿದಾದ ಕೋಶಕ್ಕೆ ಶಕ್ತಿಯ ಲೆಕ್ಕಾಚಾರವೇ ಕುಸಿಯುತ್ತದೆ. ಅದೇ ವಿಷ ತನ್ನನ್ನೇ ಕೊಲ್ಲದಂತೆ ಬ್ಯಾಕ್ಟೀರಿಯಾ ಐಎಫ್‌ಟಿ ಎಂಬ ಪ್ರತಿವಿಷ ಪ್ರೋಟೀನನ್ನೂ ತಯಾರಿಸುತ್ತದೆ. ಕಬ್ಬಿಣ ಮತ್ತು ಕೊಬ್ಬಿನ ಆಕ್ಸಿಡೀಕರಣದಿಂದ ಆಗುವ ಫೆರಾಪ್ಟೋಸಿಸ್ ಇನ್ನೊಂದು ದಾರಿ: ಇಲಿಗಳಿಗೆ ಅದನ್ನು ತಡೆಯುವ ಫೆರೋಸ್ಟಾಟಿನ್-1 ಕೊಟ್ಟಾಗ ಶ್ವಾಸಕೋಶದ ನೆಕ್ರೋಸಿಸ್ ಮತ್ತು ಬ್ಯಾಕ್ಟೀರಿಯಾ ಎರಡೂ ಕಡಿಮೆಯಾಗಿವೆ. ಕೋಶದ ಸಾವನ್ನೇ ಗುರಿಯಾಗಿಸುವ ಚಿಕಿತ್ಸೆಗೆ ಇದು ಗಟ್ಟಿ ಆಧಾರ ಎಂದೇ ನನ್ನ ನಂಬಿಕೆ.

ಈಗ ಅಳತೆಯ ಮಾತು. ಪ್ರಕಟವಾದ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಅಳೆಯುವ ಕ್ರಮವೂ ಬಹುಮಟ್ಟಿಗೆ ಕಾರಣ. ಕ್ಷಯದ ಬ್ಯಾಕ್ಟೀರಿಯಾ ಗಂಟುಗಂಟಾಗಿ ಬೆಳೆಯುತ್ತದೆ. ಅದನ್ನು ಬೆಳೆಸುವ ಮಾಧ್ಯಮಕ್ಕೆ ಸಾಬೂನಿನಂಥ ಟ್ವೀನ್-80 ಅನ್ನು 0.05% ಹಾಕಿದರೂ ಗಂಟು ಪೂರ್ತಿ ಬಿಡುವುದಿಲ್ಲ. ಗಾಜಿನ ಮಣಿಗಳ ಜೊತೆ ಕುಲುಕಿ, ನಿಧಾನ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನಷ್ಟೇ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದು ಕೋಶಕ್ಕೆ ಸರಾಸರಿ ಒಂದು ಬ್ಯಾಕ್ಟೀರಿಯಾ ಹೊಕ್ಕರೆ, ಹಂಚಿಕೆ ಯಾದೃಚ್ಛಿಕವಾದಲ್ಲಿ, ಸುಮಾರು 37% ಕೋಶಗಳಿಗೆ ಸೋಂಕೇ ತಗಲಿರುವುದಿಲ್ಲ. ಗಂಟುಗಳಿದ್ದರೆ ಸೋಂಕಿಲ್ಲದ ಕೋಶಗಳು ಇನ್ನೂ ಹೆಚ್ಚು, ಸೋಂಕಿದ ಕೆಲವೇ ಕೋಶಗಳಲ್ಲಿ ವಿಪರೀತ ಹೊರೆ. ಇಡೀ ಗಂಟನ್ನು ನುಂಗಿದ ಕೋಶ ಬಿಡಿ ಬ್ಯಾಕ್ಟೀರಿಯಾ ನುಂಗಿದ ಕೋಶಕ್ಕಿಂತ ಬೇಗ ಸಾಯುತ್ತದೆ. ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ.

ತಳಿಯನ್ನು ಪದೇಪದೇ ಮರುಬೆಳೆಸಿದರೆ ಪಿಡಿಐಎಂ ಕಳೆದುಹೋದ ರೂಪಾಂತರಗಳು ಮೇಲುಗೈ ಪಡೆಯುತ್ತವೆ. ಒಂದು ಜೀನ್ ತೆಗೆದದ್ದರಿಂದ ಕೋಶ ಸಾಯುತ್ತಿಲ್ಲ ಎಂದು ಬರೆಯುವ ಮುನ್ನ ಆ ಕೊಬ್ಬು ಇನ್ನೂ ಇದೆಯೇ ಎಂದು ಪರೀಕ್ಷಿಸಲೇಬೇಕು.

ಅಪೊಪ್ಟೋಸಿಸ್ ಗುರುತಿಸಲು ಬಳಸುವ ಅನೆಕ್ಸಿನ್-ವಿ ಬಣ್ಣ ಅಂಟಲು ಕ್ಯಾಲ್ಸಿಯಂ ಬೇಕು. ತಳಕ್ಕಂಟಿದ ಕೋಶ ಬಿಡಿಸಲು, ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ ಬಳಸಿ ಸರಿಯಾಗಿ ತೊಳೆಯದಿದ್ದರೆ ಅಪೊಪ್ಟೋಸಿಸ್ ಇದ್ದರೂ ಇಲ್ಲವೆಂದು ಕಾಣುತ್ತದೆ. ಅಪೊಪ್ಟೋಸಿಸ್‌ಗೆ ಹೋದ ಕೋಶವನ್ನು ಪ್ರಯೋಗದ ತಟ್ಟೆಯಲ್ಲಿ ಬೇರೆ ಕೋಶ ನುಂಗದೆ ಬಿಟ್ಟರೆ ಅದರ ಪೊರೆಯೂ ಕೊನೆಗೆ ಹರಿಯುತ್ತದೆ. ಸೋಂಕಿನ ಬಳಿಕ 72ನೇ ಗಂಟೆಯಲ್ಲಿ ಒಮ್ಮೆ ಮಾತ್ರ ನೋಡಿದವರಿಗೆ ಎಲ್ಲವೂ ನೆಕ್ರೋಸಿಸ್ಸೇ. 6, 24, 48 ಗಂಟೆಗಳಲ್ಲೂ ನೋಡಬೇಕು. ಪೊರೆ ಹರಿದ ಕೋಶದಿಂದ ಸೋರುವ ಎಲ್‌ಡಿಎಚ್ ಕಿಣ್ವವನ್ನು ಅಳೆಯುವಾಗ, ಮಾಧ್ಯಮಕ್ಕೆ ಹಾಕಿದ ಸೀರಮ್‌ನಲ್ಲೇ ಆ ಕಿಣ್ವ ಇರುತ್ತದೆ, ಹಾಗಾಗಿ ಕೋಶಗಳಿಲ್ಲದ ಅದೇ ಮಾಧ್ಯಮದ ಅಳತೆಯನ್ನು ಕಳೆಯದೆ ಲೆಕ್ಕ ಹಾಕಬಾರದು.

ಎಲ್ಲಕ್ಕಿಂತ ದೊಡ್ಡ ಮೋಸ ಬ್ಯಾಕ್ಟೀರಿಯಾ ಎಣಿಕೆಯಲ್ಲಿದೆ. ಕೋಶಗಳು ಸತ್ತು ತಳ ಬಿಟ್ಟಾಗ ಅವುಗಳ ಜೊತೆ ಬ್ಯಾಕ್ಟೀರಿಯಾವೂ ಮೇಲಿನ ದ್ರವಕ್ಕೆ ಬರುತ್ತದೆ. ಆ ದ್ರವವನ್ನು ಚೆಲ್ಲಿ, ತಳಕ್ಕೆ ಅಂಟಿ ಉಳಿದ ಕೋಶಗಳನ್ನಷ್ಟೇ ಒಡೆದು ಅಗರ್ ಮೇಲೆ ಹರಡಿದರೆ, ಮೂರ್ನಾಲ್ಕು ವಾರದ ಬಳಿಕ ಸಿಗುವ ಸಣ್ಣ ಸಂಖ್ಯೆಯನ್ನು ನೋಡಿ ಮ್ಯಾಕ್ರೋಫೇಜ್ ಗೆದ್ದಿತು ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಮೇಲಿನ ದ್ರವವನ್ನೂ ಒಡೆದ ಕೋಶಗಳನ್ನೂ ಬೇರೆ ಬೇರೆಯಾಗಿ ಹರಡಿ ಎಣಿಸಬೇಕು.